3-500ಝಡ್ ವಾಲ್ವ್‌ಗಳ ಫಿಲಮೆಂಟ್ ರಕ್ಷಣೆ: ಮೊದಲು ವೋಲ್ಟೇಜ್, ಆಮೇಲೆ ಸಾಫ್ಟ್ ಸ್ಟಾರ್ಟ್

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ಹವ್ಯಾಸಿ ರೇಡಿಯೊ ಪರವಾನಗಿದಾರ. ಜೋಡಿ 3-500ಝಡ್ ವಾಲ್ವ್‌ಗಳಿರುವ ಹಳೆಯ ವಿದೇಶಿ ಲೀನಿಯರ್ ಆಂಪ್ಲಿಫೈಯರ್ (ಪ್ರಸಾರದ ಶಕ್ತಿ ಹೆಚ್ಚಿಸುವ ಯಂತ್ರ) ಒಂದನ್ನು ಕೊಂಡಿದ್ದೇನೆ. ಅದರ ಟ್ರಾನ್ಸ್‌ಫಾರ್ಮರ್‌ಗಳು 220 ವೋಲ್ಟ್‌ಗೆ ಜೋಡಣೆಯಾಗಿವೆ. ನಮ್ಮಲ್ಲಿ ರಾತ್ರಿ ಹೊತ್ತು ಗೋಡೆಯ ಸಾಕೆಟ್‌ನಲ್ಲಿ 248 ವೋಲ್ಟ್‌ವರೆಗೆ ಕಾಣುತ್ತದೆ. ಇತ್ತೀಚೆಗೆ ಒಂದು ವಾಲ್ವ್ ಬೆಳಗುವುದನ್ನೇ ನಿಲ್ಲಿಸಿತು. ಅದನ್ನು ತೆಗೆದಿಟ್ಟು ಉಳಿದ ಒಂದರಲ್ಲೇ ಕೆಲಸ ಸಾಗಿಸುತ್ತಿದ್ದೇನೆ. ಸ್ವಿಚ್ ಹಾಕಿದಾಗ ನುಗ್ಗುವ ಪ್ರವಾಹದಿಂದಲೇ ಫಿಲಮೆಂಟ್ (ವಾಲ್ವ್ ಒಳಗೆ ಕಾದು ಬೆಳಗುವ ತಂತಿ) ಹಾಳಾಗುತ್ತದೆ, ಸಾಫ್ಟ್ ಸ್ಟಾರ್ಟ್ (ಆರಂಭದ ಪ್ರವಾಹಕ್ಕೆ ಕಡಿವಾಣ ಹಾಕುವ ವ್ಯವಸ್ಥೆ) ಹಾಕಬೇಕು ಎಂದು ಸ್ನೇಹಿತರು ಹೇಳುತ್ತಾರೆ. ಎಷ್ಟು ಓಮ್‌ನ ರೆಸಿಸ್ಟರ್ ಹಾಕಬೇಕು? ಎರಡು ಸಂಪರ್ಕಗಳ ನಡುವೆ ಬಿಡುವಿದ್ದಾಗ ಫಿಲಮೆಂಟ್ ಆರಿಸಬೇಕೇ, ಉರಿಯಲು ಬಿಡಬೇಕೇ?

ಉತ್ತರ: ರೆಸಿಸ್ಟರ್‌ನ ಲೆಕ್ಕವನ್ನು ಮುಂದೆ ಕೊಡುತ್ತೇನೆ. ಅದಕ್ಕಿಂತ ಮೊದಲು, ದಯವಿಟ್ಟು ಒಂದೇ ವಾಲ್ವ್ ಇಟ್ಟುಕೊಂಡು ಆ ಯಂತ್ರವನ್ನು ನಡೆಸುವುದನ್ನು ಇಂದೇ ನಿಲ್ಲಿಸಿ. ನಿಮ್ಮ ಪ್ರಶ್ನೆಯಲ್ಲಿರುವ ವಿವರಗಳನ್ನು ನೋಡಿದರೆ, ಉಳಿದಿರುವ ವಾಲ್ವ್‌ನ ಫಿಲಮೆಂಟ್‌ಗೆ ಅಪಾಯವಿರುವುದು ಸ್ವಿಚ್ ಹಾಕುವ ಆ ಒಂದು ಕ್ಷಣದಲ್ಲಿ ಅಲ್ಲ, ಅದು ಉರಿಯುತ್ತಿರುವ ಪ್ರತಿ ನಿಮಿಷದಲ್ಲೂ ಇದೆ.

3-500ಝಡ್‌ನ ಫಿಲಮೆಂಟ್‌ಗೆ ತಯಾರಕರು ನಿಗದಿ ಮಾಡಿರುವುದು 5.0 ವೋಲ್ಟ್. ಆಗ ಅದು ಸುಮಾರು 14.5 ಆಂಪಿಯರ್ ಎಳೆಯುತ್ತದೆ. ಶೇಕಡಾ 5ರಷ್ಟು ಹೆಚ್ಚುಕಡಿಮೆಗೆ, ಅಂದರೆ 4.75ರಿಂದ 5.25 ವೋಲ್ಟ್‌ವರೆಗೆ, ಅವಕಾಶವಿದೆ. 220 ವೋಲ್ಟ್ ಕೊಟ್ಟಾಗ 5.0 ವೋಲ್ಟ್ ಬರುವಂತೆ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗೆ 248 ವೋಲ್ಟ್ ಕೊಟ್ಟರೆ ಎರಡೂ ವಾಲ್ವ್‌ಗಳು ಉರಿಯುತ್ತಿರುವಾಗಲೇ ಪಿನ್ನುಗಳಲ್ಲಿ 5.65 ವೋಲ್ಟ್‌ನ ಆಸುಪಾಸು ಇರುತ್ತದೆ. ಈಗ ಒಂದು ವಾಲ್ವ್ ತೆಗೆದಿದ್ದೀರಿ, ಆದ್ದರಿಂದ ಟ್ರಾನ್ಸ್‌ಫಾರ್ಮರಿನ ಮೇಲಿನ ಹೊರೆ ಅರ್ಧವಾಗಿದೆ. ಟ್ರಾನ್ಸ್‌ಫಾರ್ಮರಿನ ಸುತ್ತು, ಫಿಲಮೆಂಟ್ ಚೋಕ್ (ಫಿಲಮೆಂಟ್ ಸಾಲಿನಲ್ಲಿರುವ ತಂತಿಯ ಸುರುಳಿ) ಮತ್ತು ತಂತಿಗಳ ಒಟ್ಟು ರೋಧ 0.02 ಓಮ್ ಎಂದಿಟ್ಟುಕೊಂಡರೆ, 29 ಆಂಪಿಯರ್ ಹರಿಯುವಾಗ ಅಲ್ಲಿ 0.58 ವೋಲ್ಟ್ ನಷ್ಟವಾಗುತ್ತಿತ್ತು. ಪ್ರವಾಹ ಅರ್ಧವಾದಾಗ ನಷ್ಟವೂ ಅರ್ಧವಾಗಿ, ಉಳಿದದ್ದು ವಾಲ್ವ್‌ಗೇ ಸೇರುತ್ತದೆ. ಹೀಗೆ ರಾತ್ರಿ ಹೊತ್ತು ನಿಮ್ಮ ಒಂಟಿ ವಾಲ್ವ್‌ಗೆ ಸಿಗುತ್ತಿರುವುದು ಬಹುಶಃ 6 ವೋಲ್ಟ್‌ಗೆ ಹತ್ತಿರ. ಜೋಡಿಗೆಂದು ರೂಪಿಸಿದ ಆಂಪ್ಲಿಫೈಯರ್‌ನಲ್ಲಿ ಒಂದೇ ವಾಲ್ವ್ ಇಟ್ಟರೆ ಔಟ್‌ಪುಟ್ ಹೊಂದಾಣಿಕೆಯೂ ಕೆಡುತ್ತದೆ, ಆದರೆ ಫಿಲಮೆಂಟ್‌ಗೆ ಆಗುವ ಹಾನಿ ಅದಕ್ಕಿಂತ ದೊಡ್ಡದು.

ಈ ಹೆಚ್ಚುವರಿ ವೋಲ್ಟೇಜ್ ಅಷ್ಟು ಕೆಡುಕು ಏಕೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇದು ಬಲ್ಬಿನ ತಂತಿ ಸುಟ್ಟುಹೋಗುವಂಥ ಸರಳ ಸಂಗತಿಯಲ್ಲ. 3-500ಝಡ್, 811ಎ, 572ಬಿ, 813 ಇವೆಲ್ಲವೂ ಥೋರಿಯೇಟೆಡ್ ಟಂಗ್‌ಸ್ಟನ್ ಫಿಲಮೆಂಟ್‌ನ ವಾಲ್ವ್‌ಗಳು. ಬಲ್ಬಿನ ತಂತಿಯ ಹರಳುಗಳು ಬೆಳೆಯದಿರಲೆಂದು ಟಂಗ್‌ಸ್ಟನ್‌ಗೆ ಶೇಕಡಾ ಒಂದೆರಡರಷ್ಟು ಥೋರಿಯಂ ಆಕ್ಸೈಡ್ ಬೆರೆಸುವ ರೂಢಿ ಮೊದಲಿನಿಂದಲೂ ಇತ್ತು. ಆ ತಂತಿ ಎಲೆಕ್ಟ್ರಾನ್‌ಗಳನ್ನು ಅಸಾಧಾರಣ ಪ್ರಮಾಣದಲ್ಲಿ ಹೊರಸೂಸಬಲ್ಲದೆಂದು 1910ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಇರ್ವಿಂಗ್ ಲ್ಯಾಂಗ್‌ಮೂರ್ ಗುರುತಿಸಿದರು. ಶುದ್ಧ ಟಂಗ್‌ಸ್ಟನ್‌ನಿಂದ ಎಲೆಕ್ಟ್ರಾನ್ ಹೊರಬರಲು ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅದರ ಮೇಲ್ಮೈಯಲ್ಲಿ ಥೋರಿಯಂನ ಒಂದೇ ಒಂದು ಪರಮಾಣುವಿನಷ್ಟು ತೆಳುವಾದ ಪದರವಿದ್ದರೆ 2.6ರಷ್ಟು ಸಾಕು. ಹಾಗಾಗಿಯೇ ಈ ಫಿಲಮೆಂಟ್ ಸುಮಾರು 2000 ಕೆಲ್ವಿನ್ ತಾಪದಲ್ಲಿ ಧಾರಾಳವಾಗಿ ಕೆಲಸ ಮಾಡುತ್ತದೆ.

ಆ ಪದರ ಶಾಶ್ವತವಲ್ಲ. ಬಿಸಿಗೆ ಥೋರಿಯಂ ಸದಾ ಆವಿಯಾಗುತ್ತಿರುತ್ತದೆ, ಮತ್ತು ಸೇದಿದಷ್ಟೂ ಊಟೆಯಿಂದ ತುಂಬಿಕೊಳ್ಳುವ ಬಾವಿಯ ಹಾಗೆ ತಂತಿಯ ಒಳಗಿನಿಂದ ಹೊಸ ಥೋರಿಯಂ ಮೇಲಕ್ಕೆ ಬರುತ್ತಿರುತ್ತದೆ. ಒಳಗಿರುವ ಥೋರಿಯಂ ಆಕ್ಸೈಡ್ ಲೋಹವಾಗಿ ಬದಲಾಗಲು ಇಂಗಾಲ ಬೇಕು. ಅದಕ್ಕಾಗಿ ತಯಾರಿಕೆಯ ಸಮಯದಲ್ಲೇ ತಂತಿಯ ಹೊರಭಾಗವನ್ನು ಟಂಗ್‌ಸ್ಟನ್ ಕಾರ್ಬೈಡ್ ಆಗಿ ಮಾರ್ಪಡಿಸಿರುತ್ತಾರೆ. ಈ ಕಾರ್ಬೈಡ್ ಸಂಗ್ರಹವೇ ವಾಲ್ವ್‌ನ ಆಯುಷ್ಯ. ಅದು ಮುಗಿದ ಮೇಲೆ ಫಿಲಮೆಂಟ್ ಎಂದಿನಂತೆ ಬೆಳಗುತ್ತಲೇ ಇರುತ್ತದೆ, ಆದರೆ ಎಲೆಕ್ಟ್ರಾನ್‌ಗಳ ಹೊರಸೂಸುವಿಕೆ ಕುಸಿದು ಔಟ್‌ಪುಟ್ ಬಿದ್ದುಹೋಗುತ್ತದೆ. ಚೆನ್ನಾಗಿ ನೋಡಿಕೊಂಡ ವಾಲ್ವ್‌ಗಳು ಸಾಯುವುದು ಹೆಚ್ಚಾಗಿ ಹೀಗೆಯೇ, ತಂತಿ ತುಂಡಾಗಿ ಅಲ್ಲ.

ಕಾರ್ಬೈಡ್ ಎಷ್ಟು ಬೇಗ ಖರ್ಚಾಗುತ್ತದೆ ಎಂಬುದು ತಾಪಮಾನಕ್ಕೆ ಬಹಳ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ವಾಲ್ವ್ ತಯಾರಿಸುವ ಐಮ್ಯಾಕ್ ಕಂಪನಿ ತನ್ನ ಗ್ರಾಹಕರಿಗೆ ಕೊಡುತ್ತಿದ್ದ ಲೆಕ್ಕದ ಪ್ರಕಾರ ಫಿಲಮೆಂಟ್ ವೋಲ್ಟೇಜ್ ಶೇಕಡಾ 3ರಷ್ಟು ಇಳಿದರೆ ತಾಪ ಸುಮಾರು 20 ಕೆಲ್ವಿನ್ ಇಳಿಯುತ್ತದೆ, ಗರಿಷ್ಠ ಹೊರಸೂಸುವಿಕೆ ಶೇಕಡಾ 20ರಷ್ಟು ಕಡಿಮೆಯಾಗುತ್ತದೆ, ಮತ್ತು ಕಾರ್ಬೈಡ್ ಕರಗುವ ವೇಗ ಅರ್ಧಕ್ಕಿಳಿಯುತ್ತದೆ. ಅಂದರೆ 0.15 ವೋಲ್ಟ್ ಇಳಿಸಿದರೆ ಆಯುಷ್ಯ ಎರಡು ಪಟ್ಟು, ಅಷ್ಟೇ ಏರಿಸಿದರೆ ಅರ್ಧ. ಇದೇ ಲೆಕ್ಕವನ್ನು ಮುಂದುವರಿಸಿದರೆ 5.3 ವೋಲ್ಟ್‌ನಲ್ಲಿ ಕಾಲು ಭಾಗ ಮಾತ್ರ ಉಳಿಯುತ್ತದೆ, 5.65ಕ್ಕೆ ಬರುವಷ್ಟರಲ್ಲಿ ಹತ್ತನೆಯ ಒಂದು ಭಾಗವೂ ಉಳಿಯುವುದಿಲ್ಲ. ಹಗಲಿರುಳೂ ವಾಲ್ವ್ ಉರಿಸುವ ಪ್ರಸಾರ ಕೇಂದ್ರಗಳಲ್ಲಿ ಫಿಲಮೆಂಟ್ ವೋಲ್ಟೇಜನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವ ಶಿಸ್ತು ಬೆಳೆದದ್ದು ಇದಕ್ಕಾಗಿಯೇ. ಹೊಸ ವಾಲ್ವನ್ನು ಮೊದಲ 200 ಗಂಟೆ ನಿಗದಿತ ವೋಲ್ಟೇಜಿನಲ್ಲಿ ನಡೆಸಿ, ಬಳಿಕ 0.1 ವೋಲ್ಟಿನಂತೆ ಇಳಿಸುತ್ತಾ, ಔಟ್‌ಪುಟ್ ಕುಸಿಯಲಾರಂಭಿಸುವ ಅಂಚನ್ನು ಗುರುತಿಸಿ, ಅದಕ್ಕಿಂತ ತುಸು ಮೇಲೆ ನಿಲ್ಲಿಸುವುದು ಅಲ್ಲಿನ ಪದ್ಧತಿ. ಹವ್ಯಾಸಿಗಳಾದ ನಮಗೆ ಅಷ್ಟು ನಾಜೂಕು ಬೇಕಿಲ್ಲ, ಆದರೆ ತತ್ವ ಅದೇ.

ನಿಮ್ಮ ಸಂದರ್ಭದಲ್ಲಿ ಒಂದು ಅನುಕೂಲವೂ ಇದೆ. ನಮ್ಮ ದೇಶದಲ್ಲಿ ಸಾಮಾನ್ಯ ದರ್ಜೆಯ ಪರವಾನಗಿಗೆ ಇರುವ ಮಿತಿ 400 ವ್ಯಾಟ್. ಜೋಡಿ 3-500ಝಡ್‌ಗಳು ಅದರ ಎರಡು ಪಟ್ಟಿಗೂ ಮೀರಿ ಕೊಡಬಲ್ಲವು. ಆದ್ದರಿಂದ ಗರಿಷ್ಠ ಹೊರಸೂಸುವಿಕೆ ನಿಮಗೆ ಎಂದೂ ಬೇಕಾಗುವುದಿಲ್ಲ, ಪಿನ್ನುಗಳಲ್ಲಿ 4.85ರಿಂದ 5.0 ವೋಲ್ಟ್ ಇಟ್ಟುಕೊಂಡರೆ ಸಾಕು. ಅದಕ್ಕಿಂತ ಕೆಳಗೆ ಇಳಿಸುವ ಆಸೆ ಬೇಡ. ಫಿಲಮೆಂಟ್ ತೀರಾ ತಣ್ಣಗಿದ್ದರೆ ಮೇಲ್ಮೈಯ ಥೋರಿಯಂ ಪದರ ಸರಿಯಾಗಿ ತುಂಬಿಕೊಳ್ಳದೆ, ಮಾತಿನ ಏರುಗಳಲ್ಲಿ ಸಿಗ್ನಲ್ ವಿರೂಪಗೊಂಡು ಅಕ್ಕಪಕ್ಕದ ಆವರ್ತನಗಳಿಗೆ ಹರಡುತ್ತದೆ, ವಾಲ್ವ್‌ಗೂ ಕೇಡು.

ಇಲ್ಲಿ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮೇಲಿನ ಮಾತೆಲ್ಲ ನೇರವಾಗಿ ಬಿಸಿಯಾಗುವ ಥೋರಿಯೇಟೆಡ್ ಫಿಲಮೆಂಟ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. 8877, 3ಸಿಎಕ್ಸ್800ಎ7, 4ಸಿಎಕ್ಸ್250ಬಿ, ರಷ್ಯಾದ ಜಿಯು-74ಬಿ ಮುಂತಾದವುಗಳಲ್ಲಿ ಆಕ್ಸೈಡ್ ಲೇಪನದ ಕ್ಯಾಥೋಡ್ ಬೇರೆ, ಅದನ್ನು ಕಾಯಿಸುವ ಹೀಟರ್ ಬೇರೆ. ಅಲ್ಲಿ ವೋಲ್ಟೇಜ್ ಇಳಿಸಿ ಆಯುಷ್ಯ ಹೆಚ್ಚಿಸುವ ಪ್ರಯತ್ನ ತಿರುಗಿ ಹೊಡೆಯುತ್ತದೆ, ಏಕೆಂದರೆ ತಣ್ಣಗಿರುವ ಆಕ್ಸೈಡ್ ಕ್ಯಾಥೋಡ್‌ನಿಂದ ಪ್ರವಾಹ ಎಳೆದರೆ ಲೇಪನವೇ ಹಾಳಾಗುತ್ತದೆ. 8877 ಮತ್ತು 3ಸಿಎಕ್ಸ್800ಎ7 ವಾಲ್ವ್‌ಗಳು ಮೂರು ನಿಮಿಷ ಕಾಯುವ ತನಕ ಅವುಗಳಿಂದ ಕೆಲಸ ತೆಗೆಯಬಾರದು. ಜಿಯು-74ಬಿ ವಾಲ್ವ್‌ಗೆ ಎರಡೂವರೆ ನಿಮಿಷ ಬೇಕು. ನಿಮ್ಮ 3-500ಝಡ್‌ಗೆ ಈ ಕಾಯುವಿಕೆ ಅಗತ್ಯವಿಲ್ಲ, ಕೆಲವೇ ಸೆಕೆಂಡುಗಳಲ್ಲಿ ಅದು ಸಿದ್ಧವಾಗುತ್ತದೆ.

ಈಗ ಅಳತೆಯ ವಿಷಯ. ಟ್ರಾನ್ಸ್‌ಫಾರ್ಮರಿನ ತುದಿಯಲ್ಲಿ ಅಳೆದ ವೋಲ್ಟೇಜ್ ಉಪಯೋಗಕ್ಕೆ ಬಾರದು, ಎರಡೂ ವಾಲ್ವ್‌ಗಳು ಉರಿಯುತ್ತಿರುವಾಗ ಸಾಕೆಟ್‌ನ 1 ಮತ್ತು 5ನೇ ಪಿನ್ನುಗಳ ನಡುವೆಯೇ ಅಳೆಯಬೇಕು. ಆದರೆ ಈ ಯಂತ್ರದೊಳಗೆ 2500ರಿಂದ 3500 ವೋಲ್ಟ್ ಇರುತ್ತದೆ ಎಂಬುದನ್ನು ಒಂದು ಕ್ಷಣವೂ ಮರೆಯಬೇಡಿ. ಪ್ಲಗ್ ಕಿತ್ತು, ಕೆಪಾಸಿಟರ್‌ಗಳು ಬರಿದಾಗಲು ಕೆಲವು ನಿಮಿಷ ಬಿಟ್ಟು, ಉದ್ದ ಹಿಡಿಯ ಡಿಸ್ಚಾರ್ಜ್ ಕೋಲಿನಿಂದ ಹೈವೋಲ್ಟೇಜ್ ಸಾಲನ್ನು ಚಾಸಿಗೆ ಮುಟ್ಟಿಸಿ ಖಚಿತಪಡಿಸಿಕೊಂಡ ನಂತರವೇ ಕೈ ಹಾಕಿ. ಆಮೇಲೆ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ಕರೆಂಟ್ ಒಳಬರುವ ಬದಿಯ ಸುತ್ತು) ತಂತಿಗಳನ್ನು ಬಿಚ್ಚಿ, ತುದಿಗಳನ್ನು ಪ್ರತ್ಯೇಕವಾಗಿ ಸುತ್ತಿಡಿ. ಸಾಕೆಟ್‌ನ ಆ ಎರಡು ಪಿನ್ನುಗಳಿಗೆ ತೆಳುವಾದ ಎರಡು ತಂತಿಗಳನ್ನು ಬೆಸೆದು ಹೊರಗೆ ತಂದು, ಮುಚ್ಚಳ ಹಾಕಿ, ಫ್ಯಾನ್ ಸಹಿತ ಫಿಲಮೆಂಟ್ ಮಾತ್ರ ಹೊತ್ತಿಸಿ ಅಳೆಯಿರಿ. ಮುಚ್ಚಳ ತೆಗೆದಾಗ ಕೆಲಸ ನಿಲ್ಲಿಸುವ ಇಂಟರ್‌ಲಾಕ್ ಇದ್ದರೆ ಅದನ್ನು ಕಟ್ಟಿಹಾಕುವ ಸಾಹಸ ಬೇಡ. ಮೀಟರ್ ಟ್ರೂ ಆರ್‌ಎಂಎಸ್ ಮಾದರಿಯದ್ದಾಗಿರಲಿ. ಇನ್ವರ್ಟರ್ ಅಥವಾ ಹಳೆಯ ಸಿವಿಟಿ (ವೋಲ್ಟೇಜ್ ಸ್ಥಿರವಾಗಿಡುವ ಟ್ರಾನ್ಸ್‌ಫಾರ್ಮರ್) ಮೂಲಕ ಕರೆಂಟ್ ಬರುತ್ತಿದ್ದರೆ ತರಂಗದ ಆಕಾರ ಶುದ್ಧವಾಗಿರುವುದಿಲ್ಲ, ಸಾಮಾನ್ಯ ಮೀಟರ್ ಅಲ್ಲಿ ತಪ್ಪು ತೋರಿಸುತ್ತದೆ. ಸಂಜೆ ಎಲ್ಲರ ಮನೆಯಲ್ಲೂ ದೀಪ ಉರಿಯುವ ಹೊತ್ತು, ಪಂಪ್‌ಸೆಟ್‌ಗಳು ಓಡುವ ಹೊತ್ತು, ಅವು ನಿಂತ ನಡುರಾತ್ರಿ, ಹೀಗೆ ಬೇರೆ ಬೇರೆ ವೇಳೆಯಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಒಂದೇ ವೇಳೆಯ ಅಂಕಿಯನ್ನು ನಂಬಿ ಏನನ್ನೂ ಬದಲಿಸಬೇಡಿ.

ಅಳೆಯುವಾಗಲೇ ಸಾಕೆಟ್ ಮತ್ತು ಪಿನ್ನುಗಳನ್ನೂ ಪರೀಕ್ಷಿಸಿ. 14.5 ಆಂಪಿಯರ್ ಹರಿಯುವ ಕಡೆ ಸಂಪರ್ಕದಲ್ಲಿ 0.02 ಓಮ್‌ನಷ್ಟು ರೋಧವಿದ್ದರೂ ಸಾಕು, 0.3 ವೋಲ್ಟ್ ಅಲ್ಲಿಯೇ ಕಳೆದುಹೋಗಿ, 4 ವ್ಯಾಟ್‌ಗಿಂತ ಹೆಚ್ಚು ಶಾಖ ಆ ಚಿಕ್ಕ ಪಿನ್ನಿನಲ್ಲಿ ಹುಟ್ಟುತ್ತದೆ. ಸಾಕೆಟ್‌ನ ಹಿಡಿತ ಸಡಿಲವಾದಂತೆ ಶಾಖ ಹೆಚ್ಚುತ್ತದೆ, ಶಾಖ ಹೆಚ್ಚಿದಂತೆ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ, ಕೊನೆಗೆ ಪಿನ್ನಿನೊಳಗಿನ ಬೆಸುಗೆಯೇ ಕರಗಿ ಹರಿಯುತ್ತದೆ.

ಈ ಕಾರಣಕ್ಕೆ ನೀವು ತೆಗೆದಿಟ್ಟಿರುವ ವಾಲ್ವನ್ನು ಇನ್ನೂ ಎಸೆಯಬೇಡಿ. ಅದು ಬೆಳಗುತ್ತಿಲ್ಲ ಎಂದಿದ್ದೀರಿ. ಮಲ್ಟಿಮೀಟರ್‌ನಿಂದ 1 ಮತ್ತು 5ನೇ ಪಿನ್ನುಗಳ ನಡುವೆ ನೋಡಿ. ಫಿಲಮೆಂಟ್ ಸರಿಯಿದ್ದರೆ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು, ಏಕೆಂದರೆ ತಣ್ಣಗಿರುವ ಫಿಲಮೆಂಟ್‌ನ ರೋಧ 0.03 ಓಮ್‌ನ ಆಸುಪಾಸು ಮಾತ್ರ. ಸಂಪರ್ಕವೇ ಇಲ್ಲವೆಂದು ತೋರಿಸಿದರೆ ಗಾಜಿನ ಮೂಲಕ ತಂತಿಯನ್ನು ಗಮನವಿಟ್ಟು ನೋಡಿ. ತಂತಿ ಇಡಿಯಾಗಿ ಕಂಡು, ಪಿನ್ನಿನ ತುದಿಯಲ್ಲಿ ಬೆಸುಗೆ ಕರಗಿದ ಗುರುತು ಅಥವಾ ಟೊಳ್ಳು ಕಂಡರೆ, ದೋಷ ಇರುವುದು ಪಿನ್ನಿನಲ್ಲಿ. ಪಿನ್ನನ್ನು ಶುಚಿಗೊಳಿಸಿ, ಹೆಚ್ಚು ತಾಪಕ್ಕೆ ಕರಗುವ ಬೆಸುಗೆಯಿಂದ ಮತ್ತೆ ತುಂಬಿದರೆ ಅಂಥ ವಾಲ್ವ್ ಮರಳಿ ಬೆಳಗುತ್ತದೆ. 1ನೇ ಪಿನ್ನಿಗೂ ಗ್ರಿಡ್‌ಗೆ (ಫಿಲಮೆಂಟ್ ಸುತ್ತಲಿನ ಜಾಲರಿಗೆ) ಸೇರಿದ 2, 3, 4ನೇ ಪಿನ್ನುಗಳಿಗೂ ನಡುವೆ ಸಂಪರ್ಕ ಕಂಡುಬಂದರೆ ಮಾತ್ರ ಫಿಲಮೆಂಟ್ ಬಾಗಿ ಗ್ರಿಡ್‌ಗೆ ತಗುಲಿದೆ ಎಂದರ್ಥ, ಅದಕ್ಕೆ ಮದ್ದಿಲ್ಲ.

ವೋಲ್ಟೇಜ್ ಸರಿಪಡಿಸುವುದಕ್ಕೆ ಬರೋಣ. ಟ್ರಾನ್ಸ್‌ಫಾರ್ಮರಿನಲ್ಲಿ 230 ಅಥವಾ 240 ವೋಲ್ಟ್‌ನ ಟ್ಯಾಪ್ ಇದ್ದರೆ ಮೊದಲು ಅದಕ್ಕೆ ಬದಲಿಸಿ. ಇಲ್ಲವಾದರೆ, 12 ವೋಲ್ಟ್, 2 ಆಂಪಿಯರ್‌ನ ಸಣ್ಣ ಟ್ರಾನ್ಸ್‌ಫಾರ್ಮರ್ ಒಂದರ ಸೆಕೆಂಡರಿಯನ್ನು (ಕರೆಂಟ್ ಹೊರಹೋಗುವ ಬದಿಯ ಸುತ್ತನ್ನು) ವಿರುದ್ಧ ದಿಕ್ಕಿನಲ್ಲಿ ಪ್ರೈಮರಿಯೊಂದಿಗೆ ಸರಣಿಯಾಗಿ ಸೇರಿಸಿ 12 ವೋಲ್ಟ್ ಕಳೆಯುವ ಉಪಾಯ ಬಹಳ ಹಳೆಯದು, ನಂಬಿಕಸ್ಥವಾದದ್ದು. ಸರಬರಾಜು ಸ್ಥಿರವಾಗಿ 230ರ ಹತ್ತಿರ ಇರುವ ಊರುಗಳಲ್ಲಿ ಅದೇ ಸಾಕು. ನಿಮ್ಮಲ್ಲಿ ಹಾಗಿಲ್ಲ: 248ರಲ್ಲಿ 12 ಕಳೆದರೂ 236 ಉಳಿಯುತ್ತದೆ. ನಿಮ್ಮಂಥವರಿಗೆ ನಾನು ಹೇಳುವುದು, ಫಿಲಮೆಂಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯನ್ನು ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರಿನಿಂದ ಬೇರ್ಪಡಿಸಿ, ಅದಕ್ಕೆ ಮಾತ್ರ ಒಂದು ಸಣ್ಣ ಡಿಮ್ಮರ್‌ಸ್ಟಾಟ್ (ಗುಂಡಿ ತಿರುಗಿಸಿ ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್) ಇಡಿ. ಎರಡು ವಾಲ್ವ್‌ಗಳ ಫಿಲಮೆಂಟ್‌ಗೆ ಬೇಕಾಗುವುದು 150 ವ್ಯಾಟ್‌ನಷ್ಟೇ ಆದ್ದರಿಂದ 2 ಆಂಪಿಯರ್‌ನದು ಧಾರಾಳವಾಯಿತು. ಮುಂಭಾಗದಲ್ಲಿ ಒಂದು ಎಸಿ ವೋಲ್ಟ್‌ಮೀಟರನ್ನು ಶಾಶ್ವತವಾಗಿ ಕೂರಿಸಿ, ಪಿನ್ನುಗಳಲ್ಲಿ 4.9 ವೋಲ್ಟ್ ಇರುವಾಗ ಅದು ಎಷ್ಟು ತೋರಿಸುತ್ತದೋ ಅಲ್ಲಿ ಕೆಂಪು ಗೆರೆ ಎಳೆದಿಡಿ. ಡಿಮ್ಮರ್‌ಸ್ಟಾಟ್‌ನ ಪೂರ್ತಿ ಸುತ್ತಿಗೆ ಕರೆಂಟ್ ಕೊಟ್ಟು ಔಟ್‌ಪುಟ್ ಎಂದಿಗೂ ಇನ್‌ಪುಟ್ಟನ್ನು ಮೀರದಂತೆ ಜೋಡಿಸಬೇಕು, ಇಲ್ಲದಿದ್ದರೆ ಗುಂಡಿ ತಪ್ಪಿ ತಿರುಗಿ 270 ವೋಲ್ಟ್ ಹೋದೀತು. ರಿಲೇ ಮಾದರಿಯ ಸ್ಟೆಬಿಲೈಜರ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುವುದರಿಂದ ಫಿಲಮೆಂಟ್ ಕೆಲಸಕ್ಕೆ ಅವು ನನಗೆ ಹಿಡಿಸುವುದಿಲ್ಲ. ಸರ್ವೊ ಮಾದರಿ ಒಳ್ಳೆಯದು. ಯಾವುದನ್ನೇ ಇಟ್ಟರೂ 255 ವೋಲ್ಟ್ ದಾಟಿದಾಗ ಸರಬರಾಜು ಕಡಿದುಹಾಕುವ ರಕ್ಷಕವೊಂದು ಅದಕ್ಕೂ ಮುಂಚೆ ಇರಲಿ. ಟ್ರಾನ್ಸ್‌ಫಾರ್ಮರ್ ಕಂಬದ ಬಳಿ ನ್ಯೂಟ್ರಲ್ ಸಡಿಲವಾದರೆ ಮನೆಗೆ 300 ವೋಲ್ಟ್‌ಗೂ ಮೀರಿ ಬರಬಹುದು.

ಚೋಕ್‌ನ ತಂತಿಯ ದಪ್ಪವನ್ನೂ ಒಮ್ಮೆ ಗಮನಿಸಿ. ಹೋಗಿಬರುವ ಎರಡೂ ತಂತಿ ಸೇರಿ ಎರಡು ಮೀಟರ್ ಎಂದುಕೊಂಡರೆ, 5.5 ಚದರ ಮಿಲಿಮೀಟರ್ ತಾಮ್ರದಲ್ಲಿ 29 ಆಂಪಿಯರ್‌ಗೆ 0.18 ವೋಲ್ಟ್ ನಷ್ಟ. ಮನೆ ವೈರಿಂಗ್‌ನ 2.5 ಚದರ ಮಿಲಿಮೀಟರ್ ತಂತಿ ಹಾಕಿ ದುರಸ್ತಿ ಮಾಡಿದ್ದರೆ 0.4 ವೋಲ್ಟ್ ನಷ್ಟವಾಗಿ ಚೋಕ್ ಕಾಯುತ್ತದೆ. ಹಿಂದಿನ ಮಾಲೀಕರು ಹಾಗೇನಾದರೂ ಮಾಡಿದ್ದರೆ ನನ್ನ ಮೇಲಿನ ಅಂದಾಜುಗಳು ಬದಲಾಗುತ್ತವೆ. ಅಳತೆಯೇ ಅಂತಿಮ ಎಂದು ಒತ್ತಿ ಹೇಳುವುದು ಇದಕ್ಕೇ.

ಇನ್ನು ನಿಮ್ಮ ಮೂಲ ಪ್ರಶ್ನೆ. ಟಂಗ್‌ಸ್ಟನ್ ತಣ್ಣಗಿರುವಾಗ ಅದರ ರೋಧ ಬಿಸಿಯಾಗಿರುವಾಗಿನ ಸುಮಾರು ಹತ್ತನೇ ಒಂದು ಭಾಗ. ಆದ್ದರಿಂದ ರೋಧವೇ ಇಲ್ಲದ ಆದರ್ಶ ಸರಬರಾಜು ಇದ್ದರೆ ಮೊದಲ ಕ್ಷಣದಲ್ಲಿ ಒಂದೊಂದು ವಾಲ್ವೂ 145 ಆಂಪಿಯರ್ ಎಳೆದೀತು. ನಿಜವಾದ ಯಂತ್ರದಲ್ಲಿ ಹಾಗಾಗುವುದಿಲ್ಲ. ಟ್ರಾನ್ಸ್‌ಫಾರ್ಮರ್, ಚೋಕ್ ಮತ್ತು ತಂತಿಗಳ ಅದೇ 0.02 ಓಮ್ ಇಲ್ಲಿ ಉಪಕಾರ ಮಾಡಿ ಅದನ್ನು 75 ಆಂಪಿಯರ್‌ಗೆ, ಅಂದರೆ ಸಾಮಾನ್ಯ ಪ್ರವಾಹದ ಸುಮಾರು ಐದು ಪಟ್ಟಿಗೆ, ಇಳಿಸುತ್ತದೆ. ಇದು ಬಹುಬೇಗ ತಗ್ಗುತ್ತದೆ. ಹಾಗಾಗಿಯೇ ಸಾಫ್ಟ್ ಸ್ಟಾರ್ಟ್ ಇಲ್ಲದ ಎಷ್ಟೋ ಹಳೆಯ ಆಂಪ್ಲಿಫೈಯರ್‌ಗಳ ವಾಲ್ವ್‌ಗಳು ದಶಕಗಳ ಕಾಲ ಬಾಳಿವೆ. ಹೀಗಿದ್ದರೂ ನಾನು ಸಾಫ್ಟ್ ಸ್ಟಾರ್ಟ್ ಪರವಾಗಿಯೇ ಇದ್ದೇನೆ. ಪ್ರವಾಹದಿಂದ ತಂತಿಯ ಸುರುಳಿಗಳ ನಡುವೆ ಹುಟ್ಟುವ ಬಲ ಪ್ರವಾಹದ ವರ್ಗಕ್ಕೆ ಅನುಗುಣವಾದದ್ದು, ಐದು ಪಟ್ಟಿನ ಪ್ರವಾಹಕ್ಕೆ ಇಪ್ಪತ್ತೈದು ಪಟ್ಟಿನ ಎಳೆತ. ಕಾರ್ಬೈಡ್ ಆದ ತಂತಿ ತಣ್ಣಗಿರುವಾಗ ಗಾಜಿನಷ್ಟೇ ಸುಲಭವಾಗಿ ಮುರಿಯುವಂಥದ್ದು. ಹಲವು ದೊಡ್ಡ ವಾಲ್ವ್‌ಗಳಿಗೆ ತಯಾರಕರೇ ಆರಂಭದ ಪ್ರವಾಹ ಸಾಮಾನ್ಯದ ಎರಡು ಪಟ್ಟು ಮೀರಬಾರದು ಎಂದು ಸೂಚಿಸುತ್ತಾರೆ. ಅದೇ ಗುರಿಯನ್ನು ನಾವೂ ಇಟ್ಟುಕೊಳ್ಳಬಹುದು.

ರೆಸಿಸ್ಟರ್ ಇರಬೇಕಾದದ್ದು ಪ್ರೈಮರಿಯಲ್ಲಿ. 230 ವೋಲ್ಟ್‌ನ ಲೆಕ್ಕದಲ್ಲಿ ಎರಡು ವಾಲ್ವ್‌ಗಳ ಸಾಮಾನ್ಯ ಹೊರೆಗೆ ಪ್ರೈಮರಿ ಪ್ರವಾಹ ಸುಮಾರು 0.7 ಆಂಪಿಯರ್. ಇದರ ಎರಡು ಪಟ್ಟಾದ 1.4 ಆಂಪಿಯರ್‌ಗೆ ಮಿತಿಗೊಳಿಸಬೇಕೆಂದರೆ ಒಟ್ಟು ರೋಧ 164 ಓಮ್ ಇರಬೇಕು. ತಣ್ಣನೆಯ ಫಿಲಮೆಂಟ್‌ಗಳು, ತಂತಿಗಳು ಮತ್ತು ಸುತ್ತುಗಳು ಸೇರಿ ಪ್ರೈಮರಿ ಕಡೆಯಿಂದ ನೋಡಿದಾಗ 63 ಓಮ್‌ನಷ್ಟು ಕಾಣಿಸುತ್ತವೆ. ಉಳಿದ 100 ಓಮ್ ನಿಮ್ಮ ರೆಸಿಸ್ಟರ್. ಇದನ್ನು ಸೇರಿಸಿದಾಗ ಎರಡು ಮೂರು ಸೆಕೆಂಡುಗಳಲ್ಲಿ ಫಿಲಮೆಂಟ್ ತನ್ನ ವೋಲ್ಟೇಜಿನ ಮುಕ್ಕಾಲು ಭಾಗದ ಹತ್ತಿರ ತಲುಪಿ ಚೆನ್ನಾಗಿ ಬೆಳಗುತ್ತದೆ, ಆಗ ರಿಲೇ ಆ ರೆಸಿಸ್ಟರನ್ನು ಬದಿಗೊತ್ತಿದರೆ ಮುಂದಿನ ಏರಿಕೆ ತೀರ ಸೌಮ್ಯವಾಗಿರುತ್ತದೆ. ಮೊದಲ ಕ್ಷಣದಲ್ಲಿ ರೆಸಿಸ್ಟರ್ 200 ವ್ಯಾಟ್‌ನಷ್ಟು ತಡೆದುಕೊಳ್ಳಬೇಕು, ರಿಲೇ ಕೈಕೊಟ್ಟರೆ 34 ವ್ಯಾಟ್‌ನಲ್ಲಿ ನಿರಂತರ ಕಾಯುತ್ತಿರಬೇಕು. ಆದ್ದರಿಂದ ಅಲ್ಯೂಮಿನಿಯಂ ಕವಚದ 50 ವ್ಯಾಟ್ ವೈರ್‌ವೌಂಡ್ ರೆಸಿಸ್ಟರನ್ನೇ ಚಾಸಿಗೆ ಬಿಗಿದು ಹಾಕಿ, ಅದಕ್ಕೆ ಅಂಟಿದಂತೆ ಒಂದು ಥರ್ಮಲ್ ಫ್ಯೂಸ್ ಇರಲಿ. ಫಿಲಮೆಂಟ್‌ಗೂ ಹೈವೋಲ್ಟೇಜ್‌ಗೂ ಒಂದೇ ಟ್ರಾನ್ಸ್‌ಫಾರ್ಮರ್ ಇರುವ ಯಂತ್ರಕ್ಕೆ ಈ ಅಂಕಿಗಳು ಹೊಂದುವುದಿಲ್ಲ.

ರಿಲೇಯ ಕಾಯಿಲನ್ನು ರೆಸಿಸ್ಟರಿನ ಆಚೆಗೆ, ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ ನೇರವಾಗಿ ಜೋಡಿಸುವ ಒಂದು ಸರಳ ವಿಧಾನ ಬಳಕೆಯಲ್ಲಿದೆ: ಫಿಲಮೆಂಟ್ ಬಿಸಿಯಾಗುತ್ತಾ ವೋಲ್ಟೇಜ್ ಏರಿದಾಗ ರಿಲೇ ತಾನಾಗಿಯೇ ಎಳೆದುಕೊಳ್ಳುತ್ತದೆ. ಕೆಲವೊಮ್ಮೆ 180 ವೋಲ್ಟ್‌ಗೆ ಇಳಿಯುವ ಊರುಗಳಲ್ಲಿ ಅದು ಎಳೆದುಕೊಳ್ಳದೆಯೇ ಉಳಿಯಬಹುದು ಅಥವಾ ಪಟಪಟ ಬಡಿದುಕೊಳ್ಳಬಹುದು. ಪ್ರತ್ಯೇಕ 12 ವೋಲ್ಟ್ ಸರಬರಾಜಿನಿಂದ ನಡೆಯುವ ಟೈಮರ್ ಮೇಲು. ಆ ಟೈಮರ್ ಕರೆಂಟ್ ಹೋದ ತಕ್ಷಣ ಮೊದಲಿನ ಸ್ಥಿತಿಗೆ ಮರಳಬೇಕು. ಕರೆಂಟ್ ಹೋಗಿ ಎರಡು ಸೆಕೆಂಡಿನಲ್ಲಿ ವಾಪಸಾಗುವುದು ನಮ್ಮಲ್ಲಿ ದಿನನಿತ್ಯದ ಮಾತು, ಅಷ್ಟರಲ್ಲಿ ಫಿಲಮೆಂಟ್ ಸಾಕಷ್ಟು ತಣ್ಣಗಾಗಿರುತ್ತದೆ. ಟೈಮರ್‌ನ ಕೆಪಾಸಿಟರ್ ಇನ್ನೂ ಚಾರ್ಜ್ ಉಳಿಸಿಕೊಂಡಿದ್ದರೆ ರೆಸಿಸ್ಟರ್ ಇಲ್ಲದೆಯೇ ಪೂರ್ತಿ ವೋಲ್ಟೇಜ್ ನುಗ್ಗುತ್ತದೆ. ಚಾರ್ಜಿಂಗ್ ರೆಸಿಸ್ಟರಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿ ಕೆಪಾಸಿಟರ್ ಬೇಗ ಬರಿದಾಗುವಂತೆ ಮಾಡಿದರೆ ಈ ದೋಷ ಇರುವುದಿಲ್ಲ. ಎನ್‌ಟಿಸಿ ಥರ್ಮಿಸ್ಟರ್‌ಗಳನ್ನು (ಕಾದಂತೆ ರೋಧ ಇಳಿಯುವ ರೆಸಿಸ್ಟರ್‌ಗಳನ್ನು) ನಾನು ಶಿಫಾರಸು ಮಾಡದಿರುವುದೂ ಇದೇ ಕಾರಣಕ್ಕೆ: ಒಮ್ಮೆ ಕಾದ ಥರ್ಮಿಸ್ಟರ್ ತಣಿಯಲು ನಿಮಿಷಗಟ್ಟಲೆ ಬೇಕು, ಕರೆಂಟ್ ತಟ್ಟನೆ ಮರಳಿದಾಗ ಅದು ಏನನ್ನೂ ತಡೆಯುವುದಿಲ್ಲ. ಅದೇ ರಿಲೇಯ ಇನ್ನೊಂದು ಸಂಪರ್ಕದ ಮೂಲಕ, ಫಿಲಮೆಂಟ್ ಪೂರ್ತಿ ಬೆಳಗುವ ತನಕ ಹೈವೋಲ್ಟೇಜ್ ಬಾರದಂತೆ ಮಾಡಿಕೊಳ್ಳಿ.

ಡಿಮ್ಮರ್‌ಸ್ಟಾಟ್ ಇಟ್ಟವರಿಗೆ ಇಷ್ಟೆಲ್ಲ ಬೇಡ. ಸೊನ್ನೆಯಿಂದ ಹತ್ತು ಸೆಕೆಂಡಿನಲ್ಲಿ ನಿಧಾನವಾಗಿ ಏರಿಸಿದರೆ ಅದಕ್ಕಿಂತ ಉತ್ತಮ ಸಾಫ್ಟ್ ಸ್ಟಾರ್ಟ್ ಇಲ್ಲ. ಕರೆಂಟ್ ಹೋಗಿ ಬಂದಾಗ ತಾನಾಗಿ ಮತ್ತೆ ಹೊತ್ತಿಕೊಳ್ಳದಂತೆ ಮಾತ್ರ ತಡೆ ಬೇಕು. ಪಂಪ್‌ಸೆಟ್ ಸ್ಟಾರ್ಟರ್‌ನಲ್ಲಿ ನೋ-ವೋಲ್ಟ್ ಕಾಯಿಲ್ ಮಾಡುವ ಕೆಲಸವೇ ಇದು, ಹಸಿರು ಗುಂಡಿ ಒತ್ತಿದರೆ ಮಾತ್ರ ಮತ್ತೆ ಶುರುವಾಗುವ ಒಂದು ಸಣ್ಣ ಕಾಂಟ್ಯಾಕ್ಟರ್ ಸಾಕು.

ಬಿಡುವಿನಲ್ಲಿ ಆರಿಸಬೇಕೇ ಎಂಬುದಕ್ಕೆ: ಒಂದೆರಡು ಗಂಟೆಯೊಳಗೆ ಮತ್ತೆ ಬಳಸುವುದಿದ್ದರೆ ಉರಿಯಲು ಬಿಡಿ, ಅದಕ್ಕಿಂತ ಹೆಚ್ಚಾದರೆ ಆರಿಸಿ. ಇದು ನನ್ನ ಅಭಿಪ್ರಾಯ, ಇದರಲ್ಲಿ ಕಟ್ಟುನಿಟ್ಟಿನ ಗಡುವಿಲ್ಲ. ಉರಿದಷ್ಟೂ ಕಾರ್ಬೈಡ್ ಖರ್ಚಾಗುತ್ತದೆ, ಆರಿಸಿ ಹೊತ್ತಿಸಿದಷ್ಟೂ ತಂತಿ ಹಿಗ್ಗಿ ಕುಗ್ಗಿ ದಣಿಯುತ್ತದೆ. ವೋಲ್ಟೇಜ್ 4.9ರಲ್ಲಿದ್ದರೆ ಮೊದಲನೆಯ ಖರ್ಚು ಬಹಳ ಸಣ್ಣದು. ಫಿಲಮೆಂಟ್ ಉರಿಯುತ್ತಿರುವಷ್ಟು ಹೊತ್ತೂ, ಪ್ರಸಾರ ಮಾಡದಿದ್ದರೂ, ಫ್ಯಾನ್ ತಿರುಗುತ್ತಲೇ ಇರಬೇಕು. ಒಂದೊಂದು ವಾಲ್ವ್‌ನ ಫಿಲಮೆಂಟೇ 70 ವ್ಯಾಟ್‌ಗೂ ಹೆಚ್ಚು ಶಾಖ ಕೊಡುತ್ತದೆ. ಬುಡದಲ್ಲಿ ಗಾಜು ಮತ್ತು ಲೋಹ ಕೂಡುವ ಜಾಗ 200 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಆರಿಸಿದ ಮೇಲೂ ಫ್ಯಾನ್ ಐದು ನಿಮಿಷ ಓಡಲಿ. ಫ್ಯಾನಿನ ರೆಕ್ಕೆಗಳಲ್ಲಿ ಧೂಳು ಹೊರೆಗಟ್ಟಿದ್ದರೆ ಗಾಳಿಯೂ ಕಡಿಮೆ, ಅಲುಗಾಟವೂ ಹೆಚ್ಚು, ಎರಡೂ ಫಿಲಮೆಂಟ್‌ಗೆ ಒಳ್ಳೆಯದಲ್ಲ.

ಹೈವೋಲ್ಟೇಜ್ ಸಾಲಿನಲ್ಲಿ 50 ಓಮ್‌ನ ದಪ್ಪ ವೈರ್‌ವೌಂಡ್ ರೆಸಿಸ್ಟರ್ ಇದೆಯೇ ಎಂದೂ ನೋಡಿ, ಇಲ್ಲದಿದ್ದರೆ ಹಾಕಿ. ವಾಲ್ವ್ ಒಳಗೆ ಕಿಡಿ ಹಾರಿದರೆ 3000 ವೋಲ್ಟ್‌ನ ಕೆಪಾಸಿಟರ್‌ಗಳು ನೂರಾರು ಆಂಪಿಯರ್‌ಗಳನ್ನು ಸುರಿಯಬಲ್ಲವು, ಈ ರೆಸಿಸ್ಟರ್ ಅದನ್ನು 60 ಆಂಪಿಯರ್‌ಗೆ ನಿಲ್ಲಿಸುತ್ತದೆ.

ಹಳೆಯ ವಾಲ್ವ್ ಪಿನ್ನಿನ ಬೆಸುಗೆಯಿಂದಲೂ ಬದುಕದೆ ಹೊಸದನ್ನು ತರಿಸಬೇಕಾದರೆ, ವೋಲ್ಟೇಜ್ ಸರಿಪಡಿಸಿದ ಮೇಲೆಯೇ ತರಿಸಿ. ಈಗ ದೊರೆಯುವ 3-500ಝಡ್‌ಜಿ ವಾಲ್ವ್‌ಗಳು ಹೆಚ್ಚಾಗಿ ಚೀನಾದಲ್ಲಿ ತಯಾರಾದವು, ಅವುಗಳ ಫಿಲಮೆಂಟ್ ಅಗತ್ಯ ಇದೇ ಆಗಿದೆ. ಪೆಟ್ಟಿಗೆಯಲ್ಲಿ ವಾಲ್ವ್ ನೆಟ್ಟಗೆ ನಿಂತಿರುವಂತೆ ಕಳುಹಿಸಲು ಕೇಳಿಕೊಳ್ಳಿ, ಬಂದ ಕೂಡಲೇ ಮೇಲೆ ಹೇಳಿದಂತೆ ಪಿನ್ನುಗಳ ನಡುವಿನ ಸಂಪರ್ಕ ಪರೀಕ್ಷಿಸಿ. ಆಂಪ್ಲಿಫೈಯರನ್ನು ವಾಹನದಲ್ಲಿ ಎಲ್ಲಿಗಾದರೂ ಒಯ್ಯುವಾಗಲೂ ವಾಲ್ವ್‌ಗಳನ್ನು ಕಳಚಿ ಬೇರೆಯಾಗಿ ನೆಟ್ಟಗೆ ಇಟ್ಟುಕೊಂಡೇ ಹೋಗಬೇಕು. ಹೊಸ ವಾಲ್ವನ್ನು ಅಥವಾ ವರ್ಷಗಟ್ಟಲೆ ಕಪಾಟಿನಲ್ಲಿದ್ದ ಹಳೆಯದನ್ನು ಕೂರಿಸಿದ ಮೇಲೆ ಹೈವೋಲ್ಟೇಜ್ ಇಲ್ಲದೆ, ಫ್ಯಾನ್ ಹಾಕಿ, 5.0 ವೋಲ್ಟ್‌ನಲ್ಲಿ ಫಿಲಮೆಂಟನ್ನು ಮಾತ್ರ ಒಂದು ಇಡೀ ರಾತ್ರಿ ಉರಿಸಿ. ಆಮೇಲೆ ಡಿಮ್ಮರ್‌ಸ್ಟಾಟ್ ಮೂಲಕ ಹೈವೋಲ್ಟೇಜನ್ನು ಹಂತ ಹಂತವಾಗಿ ಏರಿಸಿ, ಮೊದಲ ಕೆಲವು ಗಂಟೆ 200 ವ್ಯಾಟ್‌ನ ಒಳಗೇ ಕೆಲಸ ಮಾಡಿಸಿ. ಈ ಕೆಲಸಕ್ಕೆ ಬೇಕಾದ ಡಿಮ್ಮರ್‌ಸ್ಟಾಟ್ 10 ಆಂಪಿಯರ್‌ನದ್ದಾಗಿರಬೇಕು, ಫಿಲಮೆಂಟ್‌ಗೆಂದು ಇಟ್ಟ ಚಿಕ್ಕದನ್ನು ಇದಕ್ಕೆ ಬಳಸಬೇಡಿ.